ಮುಳ್ಳಿನ ಆಚೆ, ಮುಳ್ಳಿನ ಈಚೆ

ನಿಮ್ಮ ಮುಂದಿರುವ ರೇಡಿಯೋದ ಎಫ್‌ಎಂ ಪಟ್ಟಿಯನ್ನು ಒಮ್ಮೆ ನೋಡಿ. 88ರ ಹತ್ತಿರ ಶುರುವಾಗುತ್ತದೆ, 108ಕ್ಕೆ ಮುಗಿಯುತ್ತದೆ. ಬೆಂಗಳೂರಿನವರು ಎಫ್‌ಎಂ ರೇನ್‌ಬೋ ಕೇಳಲು 101.3ಕ್ಕೆ ತಿರುಗಿಸುತ್ತಾರೆ. 108ರ ಆಚೆಗೆ ಏನಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಅಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. 108ರಿಂದ 112 ಮೆಗಾಹರ್ಟ್ಸ್‌ವರೆಗಿನ ಆ ಸಣ್ಣ ಓಣಿಯಲ್ಲಿ ವಿಮಾನಗಳಿಗೆ ರನ್‌ವೇಯ ದಾರಿ ತೋರಿಸುವ ಪ್ರಸಾರಗಳಿವೆ. ಅವು ಹಗಲೂ ರಾತ್ರಿ ಎರಡೇ ಸ್ವರ ನುಡಿಯುತ್ತಿರುತ್ತವೆ. ಒಂದು, ಸೆಕೆಂಡಿಗೆ 90 ಕಂಪನದ್ದು; ಇನ್ನೊಂದು 150ರದ್ದು. 90ನ್ನು ಷಡ್ಜವೆಂದು ಹಿಡಿದರೆ 150 ಹೋಗಿ ಧೈವತದ ಬಳಿ ಕೂರುತ್ತದೆ.

ರನ್‌ವೇಯ ಕಡೆ ಬರುತ್ತಿರುವ ವಿಮಾನ ನಡುಗೆರೆಯಿಂದ ಎಡಕ್ಕೆ ಸರಿದರೆ 90ರ ಸ್ವರ ಜೋರಾಗುತ್ತದೆ, ಬಲಕ್ಕೆ ಸರಿದರೆ 150ರದ್ದು. ಎರಡೂ ಸಮವಾಗಿದ್ದರೆ ನೆಟ್ಟಗೆ ಬರುತ್ತಿದ್ದೇವೆ ಎಂದು ಅರ್ಥ. ಇದಕ್ಕೆ ಲೋಕಲೈಜರ್ ಎನ್ನುತ್ತಾರೆ. ಎತ್ತರಕ್ಕೂ ಇಂಥದೇ ಇನ್ನೊಂದು ಜೋಡಿ ಇದೆ, ಅದು ಗ್ಲೈಡ್ ಸ್ಲೋಪ್. ಅದರ ಕಂಪನಾಂಕ ಬೇರೆ, 329ರಿಂದ 335 ಮೆಗಾಹರ್ಟ್ಸ್‌ನೊಳಗೆ. ಅಲ್ಲಿ ಮೇಲಿದ್ದರೆ 90 ಜೋರು, ಕೆಳಗಿದ್ದರೆ 150. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಆಕಾಶದಲ್ಲಿ ಹಾಸಿಟ್ಟ ಅದೃಶ್ಯ ರಸ್ತೆ ಅದು. ಎರಡೂ ಸೇರಿದರೆ ಐಎಲ್‌ಎಸ್. ಕಾವಳ ಕವಿದು ನೆಲ ಕಾಣದ ಬೆಳಿಗ್ಗೆ ನೂರಾರು ಜನರನ್ನು ಹೊತ್ತ ವಿಮಾನ ಈ ಎರಡು ಸ್ವರಗಳನ್ನು ನಂಬಿ ಕೆಳಗಿಳಿಯುತ್ತದೆ. ರೇಡಿಯೋ ವಿದ್ಯೆಯಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಕೆಲಸ ಇದು.

ಇಂದಿನ ಮಾತು ಮಾತ್ರ ನಿಜವಾದ ವಿಮಾನದ ಬಗ್ಗೆ ಅಲ್ಲ, ಕಂಪ್ಯೂಟರಿನಲ್ಲಿ ಹಾರಿಸುವ ವಿಮಾನದ ಬಗ್ಗೆ. ಫ್ಲೈಟ್ ಸಿಮ್ಯುಲೇಟರ್ ಎಂದರೆ ಮಕ್ಕಳ ಆಟ ಎಂದು ಹಲವರು ತಿಳಿದಿದ್ದಾರೆ. ಆಟವೇ ಇರಬಹುದು. ಆದರೆ ಆ ಆಟದೊಳಗಿನ ಆಟೋಪೈಲಟ್ ತಾನಾಗಿ ವಿಮಾನವನ್ನು ಇಳಿಸದೆ ಹೋದಾಗ ಏಕೆ ಇಳಿಸಲಿಲ್ಲ ಎಂದು ಹುಡುಕುವ ಕೆಲಸ ಆಟವಲ್ಲ. ಅದು ಅಪ್ಪಟ ರಿಪೇರಿ ವಿದ್ಯೆ.

ನಾನು ಬಹುಕಾಲ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವನು, ಅದಕ್ಕೂ ಮೊದಲು ರೇಡಿಯೋ ರಿಪೇರಿ ಕಲಿತವನು. ಹೋದ ವರ್ಷ ದಸರಾ ರಜೆಗೆ ತಂಗಿಯ ಮಗಳು ಮನೆಗೆ ಬಂದಿದ್ದಳು. ಪಿಯುಸಿ ಓದುವ ಹುಡುಗಿ. ಬರುವಾಗ ಲ್ಯಾಪ್‌ಟಾಪ್ ಜೊತೆಗೆ ಒಂದು ಜಾಯ್‌ಸ್ಟಿಕ್ಕನ್ನೂ ಹೊತ್ತು ತಂದಳು. ಮೂರು ದಿನ ಮಂಗಳೂರಿನಿಂದ ಬೆಂಗಳೂರಿಗೆ 737 ವಿಮಾನ ಹಾರಿಸಿದಳು, ಮೂರು ದಿನವೂ ಇಳಿಸಲಾಗಲಿಲ್ಲ. "ಮಾಮಾ, ಆಟೋಪೈಲಟ್ ಕೆಟ್ಟಿದೆ" ಅಂದಳು. ಮೊದಲನೆಯ ದಿನ ವಿಮಾನ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯ ಮೇಲೆ ಎತ್ತರದಲ್ಲೇ ಹಾದು ಕೋಲಾರದ ಕಡೆ ಹೋಗಿಬಿಟ್ಟಿತ್ತು. ಎರಡನೆಯ ದಿನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿದಿತ್ತು. ಮೂರನೆಯ ದಿನ ಎಲ್ಲ ಸರಿಯಿತ್ತು, ಆದರೆ ಐದು ಮೈಲು ಇರುವಾಗ ಆಟೋಪೈಲಟ್ ಕೈಬಿಟ್ಟಿತು.

ಒಂದೇ ಯಂತ್ರ ಮೂರು ಬೇರೆ ಬೇರೆ ರೀತಿಯಲ್ಲಿ ಕೆಡುವುದು ಅಪರೂಪ. ಅದು ಕೆಟ್ಟಿಲ್ಲ ಎಂದು ಅಷ್ಟರಲ್ಲೇ ನನಗನ್ನಿಸಿತು.

ನಮ್ಮ ರಿಪೇರಿಯಲ್ಲಿ ಒಂದು ಪದ್ಧತಿ ಇತ್ತು. ಮಾತಾಡದ ರೇಡಿಯೋ ಮೇಜಿನ ಮೇಲೆ ಬಂದರೆ ಆಂಟೆನಾದಿಂದ ಸ್ಪೀಕರಿನವರೆಗೆ ಒಂದೊಂದೇ ಬಿಡಿಭಾಗ ಬಿಚ್ಚುತ್ತಾ ಕೂರುತ್ತಿರಲಿಲ್ಲ. ನಟ್ಟನಡುವೆ, ವಾಲ್ಯೂಮ್ ಗುಂಡಿಯ ಬಳಿ ಬೆರಳಿಟ್ಟು ನೋಡುತ್ತಿದ್ದೆವು. ಗುಯ್‌ ಎಂದು ಸದ್ದು ಬಂದರೆ ಅಲ್ಲಿಂದ ಸ್ಪೀಕರಿನವರೆಗೆ ಸರಿಯಿದೆ, ದೋಷ ಹಿಂದಿದೆ. ಸದ್ದು ಬರದಿದ್ದರೆ ದೋಷ ಮುಂದಿದೆ. ಒಂದೇ ಬೆರಳಿಗೆ ಅರ್ಧ ರೇಡಿಯೋ ಪಾಸಾಗುತ್ತಿತ್ತು.

ತಾನಾಗಿ ಇಳಿಯುವ ವಿಮಾನದಲ್ಲೂ ಅಂಥ ಒಂದು ನಡುಜಾಗ ಇದೆ. ಅದು ಮುಳ್ಳು. ಹಳೆಯ ವಿಮಾನಗಳ ಫಲಕದಲ್ಲಿ ನಿಜವಾಗಿಯೇ ಎರಡು ಮುಳ್ಳುಗಳಿರುತ್ತವೆ, ಒಂದು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಗೆ. ಈಗಿನವುಗಳಲ್ಲಿ ಅದರ ಬದಲು ಪುಟ್ಟ ಡೈಮಂಡ್ ಗುರುತು. ನೆಲದ ಪ್ರಸಾರ, ಆಂಟೆನಾ, ರಿಸೀವರ್, ಕಂಪನಾಂಕ, ಸಿಮ್ಯುಲೇಟರಿನ ನಕ್ಷೆಯ ಮಾಹಿತಿ, ಇವೆಲ್ಲ ಮುಳ್ಳಿನ ಆಚೆಗಿನವು. ಆಟೋಪೈಲಟ್, ವೇಗ, ರೆಕ್ಕೆ, ಬಾಲ, ನಮ್ಮ ಕೈ, ಇವು ಮುಳ್ಳಿನ ಈಚೆಗಿನವು. ಆದ್ದರಿಂದ ವಿಮಾನ ದಾರಿ ತಪ್ಪಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಮುಳ್ಳು ನಿಜ ಹೇಳುತ್ತಿದೆಯೇ? ಕಿಟಕಿಯಲ್ಲಿ ರನ್‌ವೇ ಎಡಕ್ಕೆ ಕಾಣುವಾಗ ಮುಳ್ಳೂ ಎಡಕ್ಕೆ ವಾಲಿದೆಯೇ? ಹಾಗಿದ್ದರೆ ಆಚೆಯದೆಲ್ಲ ಸರಿ, ಈಚೆ ಹುಡುಕಿ. ಮುಳ್ಳೇ ಸತ್ತಿದ್ದರೆ, ಸುಳ್ಳು ಹೇಳುತ್ತಿದ್ದರೆ, ಆಟೋಪೈಲಟ್ಟಿನ ಗುಂಡಿಗಳನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಹೊಸಬರು ಕಳೆಯುವ ಸಮಯದಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆ ಕೇಳದೆ ಹೋಗುತ್ತದೆ ಎಂದು ನನ್ನ ಅನಿಸಿಕೆ.

ಮೊದಲು ಆಚೆಯ ಮಾತು.

ಕಂಪನಾಂಕ ಹಾಕಿರುತ್ತಾರೆ, ಆದರೆ ಅದು ಕಾಯುವ ಕಿಟಕಿಯಲ್ಲೇ ಉಳಿದಿರುತ್ತದೆ. ವಿಮಾನದ ರೇಡಿಯೋದಲ್ಲಿ ಎರಡು ಕಿಟಕಿ: ಒಂದರಲ್ಲಿ ಈಗ ಕೇಳುತ್ತಿರುವುದು, ಇನ್ನೊಂದರಲ್ಲಿ ಮುಂದೆ ಬೇಕಾಗುವುದು. ನಡುವಿನ ಗುಂಡಿ ಒತ್ತಿ ಅದಲುಬದಲು ಮಾಡದಿದ್ದರೆ ಮುಳ್ಳು ಮಿಸುಕುವುದಿಲ್ಲ. ಇದನ್ನು ಕಂಡುಹಿಡಿಯಲು ವಿಮಾನದವರಿಗೆ ಒಂದು ಹಳೆಯ, ಒಳ್ಳೆಯ ಅಭ್ಯಾಸ ಇದೆ. ಪ್ರತಿ ಐಎಲ್‌ಎಸ್ ತನ್ನ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಹೇಳುತ್ತಲೇ ಇರುತ್ತದೆ. ಆಕಾಶವಾಣಿ ನಡುನಡುವೆ ತನ್ನ ಹೆಸರು ಹೇಳಿಕೊಳ್ಳುವುದಿಲ್ಲವೇ, ಹಾಗೆ. ಆ ಮೋರ್ಸ್ ಸದ್ದನ್ನು ಕೇಳಿ ನಕ್ಷೆಯಲ್ಲಿ ಬರೆದಿರುವ ಅಕ್ಷರಗಳೊಂದಿಗೆ ಹೊಂದಿಸಿ ನೋಡಿದ ಮೇಲೆಯೇ ಮುಳ್ಳನ್ನು ನಂಬಬೇಕು. ಸಿಮ್ಯುಲೇಟರುಗಳಲ್ಲೂ ಈ ಸದ್ದು ಇದೆ. ಕೇಳುವವರು ಕಡಿಮೆ.

ಈ ಸದ್ದು ಏಕೆ ಮುಖ್ಯ ಎಂಬುದು ಕೆಲವು ನಿಲ್ದಾಣಗಳಲ್ಲಿ ಗೊತ್ತಾಗುತ್ತದೆ. ಲಂಡನ್ನಿನ ಹೀಥ್ರೋದಲ್ಲಿ ಉತ್ತರದ ರನ್‌ವೇಯ ಎರಡೂ ತುದಿಗಳಿಗೆ ಒಂದೇ ಕಂಪನಾಂಕ, 110.30. ಗಾಳಿ ಬೀಸುವ ದಿಕ್ಕು ನೋಡಿ ಒಂದು ಹೊತ್ತಿಗೆ ಒಂದು ತುದಿಯದನ್ನು ಮಾತ್ರ ಹಚ್ಚಿರುತ್ತಾರೆ. ಅಂಕಿ ಸರಿಯಾಗಿದ್ದರೂ ಯಾವ ತುದಿ ಮಾತಾಡುತ್ತಿದೆ ಎಂಬುದನ್ನು ಹೇಳುವುದು ಮೋರ್ಸ್ ಮಾತ್ರ. ನಮ್ಮ ದೇವನಹಳ್ಳಿಯ ತೊಡಕು ಬೇರೆ. ಅಲ್ಲಿ ಅಕ್ಕಪಕ್ಕ ಎರಡು ರನ್‌ವೇಗಳಿವೆ, ಎರಡರದ್ದೂ ಒಂದೇ ದಿಕ್ಕು. ಪಕ್ಕದ್ದರ ಕಂಪನಾಂಕ ಹಾಕಿದರೆ ಮುಳ್ಳು ನಡುವಿನಲ್ಲಿ ಚೆಂದವಾಗಿ ನಿಂತಿರುತ್ತದೆ, ಅಪ್ಪಣೆ ಸಿಕ್ಕ ರನ್‌ವೇ ಮಾತ್ರ ಆ ಪಕ್ಕದಲ್ಲಿರುತ್ತದೆ.

ಇನ್ನೊಂದು ಕಾರಣ ಮಾಹಿತಿಯ ವಯಸ್ಸು. ಬಹಳ ಜನ ಈಗಲೂ ಪ್ರೀತಿಯಿಂದ ಬಳಸುವ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದದ್ದು 2006ರಲ್ಲಿ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ 24ರಂದು. ಹೊಸ ದೃಶ್ಯಕಡತ ಸೇರಿಸದೆ ಆ ಕಾರ್ಯಕ್ರಮದಲ್ಲಿ ಬೆಂಗಳೂರಿಗೆ ಹಾರಿದರೆ ಸಿಗುವುದು ಎಚ್‌ಎಎಲ್ ನಿಲ್ದಾಣ. ಇಂದಿನ ನಕ್ಷೆ ಇಟ್ಟುಕೊಂಡು ಅಂದಿನ ಲೋಕದಲ್ಲಿ ಹಾರಿದರೆ ಮುಳ್ಳಿಗೆ ಏನು ತಾನೇ ಸಿಗಬೇಕು? ಭೂಮಿಯ ಕಾಂತದ ದಿಕ್ಕೂ ನಿಂತಲ್ಲಿ ನಿಲ್ಲುವುದಿಲ್ಲ. ಅದು ಸರಿದಂತೆ ರನ್‌ವೇಗಳ ಹೆಸರೇ ಬದಲಾಗುತ್ತದೆ; ಇಂಗ್ಲೆಂಡಿನ ಸ್ಟ್ಯಾನ್‌ಸ್ಟೆಡ್‌ನಲ್ಲಿ 05 ಎಂಬುದು 2009ರಲ್ಲಿ 04 ಆಯಿತು. ನಿಜವಾದ ವಿಮಾನಗಳ ನಕ್ಷೆಯ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಸಿಮ್ಯುಲೇಟರಿನಲ್ಲಿ ರನ್‌ವೇಯ ಚಿತ್ರ ಒಂದು ಕಾಲದ್ದು, ರೇಡಿಯೋದ ಮಾಹಿತಿ ಇನ್ನೊಂದು ಕಾಲದ್ದು ಆದಾಗ ವಿಮಾನ ರನ್‌ವೇಗೆ ಸಮಾನಾಂತರವಾಗಿ ಹುಲ್ಲಿನ ಮೇಲೆ ಇಳಿಯುತ್ತದೆ. ಅಲ್ಲಿ ಆಟೋಪೈಲಟ್ಟಿನ ತಪ್ಪು ಎಳ್ಳಷ್ಟೂ ಇಲ್ಲ.

ಸಣ್ಣ ಸೆಸ್ನಾ ವಿಮಾನ ಹಾರಿಸುವವರಿಗೆ ಇನ್ನೊಂದು ಮಾತು. ಗಾಜಿನ ಪರದೆಯ ಫಲಕದಲ್ಲಿ ಮುಳ್ಳು ಜಿಪಿಎಸ್ಸಿನ ಮಾತನ್ನೂ ಕೇಳಬಲ್ಲದು, ರೇಡಿಯೋದ ಮಾತನ್ನೂ ಕೇಳಬಲ್ಲದು. ನೇರಳೆಗೆಂಪು ಬಣ್ಣವಿದ್ದರೆ ಜಿಪಿಎಸ್, ಹಸಿರಿದ್ದರೆ ರೇಡಿಯೋ. ಐಎಲ್‌ಎಸ್ ಹಿಡಿಯಬೇಕಾದರೆ ಹಸಿರಾಗಲೇಬೇಕು. ಬಣ್ಣ ನೋಡದೆ, ಆ ದಾರಿ ಹಿಡಿ ಎಂದು ಆಟೋಪೈಲಟ್ಟಿಗೆ ಹೇಳುವ ಅಪ್ರೋಚ್ ಗುಂಡಿ ಒತ್ತಿ, ವಿಮಾನ ಇಳಿಯುತ್ತಿಲ್ಲವೆಂದು ಕೊರಗಿದವರು ಎಷ್ಟೋ ಮಂದಿ.

ಈಗ ಈಚೆಯ ಮಾತು. ನಮ್ಮ ಹುಡುಗಿಯ ಮೂರೂ ದಿನದ ಕಥೆ ಇಲ್ಲೇ ಇತ್ತು.

ಮೊದಲನೆಯ ದಿನ ಅವಳು ಪಶ್ಚಿಮದಿಂದ ಬರುತ್ತಾ ದೊಡ್ಡಬಳ್ಳಾಪುರದ ದಕ್ಷಿಣಕ್ಕೆ ತಲುಪುವಾಗ, ಎಡಗಡೆ ನಂದಿಬೆಟ್ಟ ಕಾಣುವಾಗ, ರನ್‌ವೇಗೆ 10 ನಾಟಿಕಲ್ ಮೈಲು ಉಳಿದಿತ್ತು. ಎತ್ತರ 9,000 ಅಡಿ. ಲೋಕಲೈಜರ್ ಹಿಡಿದಿತ್ತು, ವಿಮಾನ ನಡುಗೆರೆಯ ಮೇಲೆ ನೆಟ್ಟಗಿತ್ತು. ಆದರೆ ಎತ್ತರದ ಡೈಮಂಡ್ ಪಟ್ಟಿಯ ತಳಕ್ಕೆ ಅಂಟಿಕೊಂಡಿತ್ತು. ತಳದಲ್ಲಿದ್ದರೆ ದಾರಿ ನಮ್ಮ ಕೆಳಗಿದೆ ಎಂದು ಅರ್ಥ. ಗ್ಲೈಡ್ ಸ್ಲೋಪ್ ಮೇಲಿನಿಂದ ಇಳಿದು ಬಂದು ನಮ್ಮನ್ನು ಹಾದುಹೋಗುವ ರಸ್ತೆ. ಅದರ ಕೆಳಗೆ ಮಟ್ಟಸವಾಗಿ ಹಾರುತ್ತಾ ಕಾದರೆ ಅದೇ ಬಂದು ಸಿಗುತ್ತದೆ. ಮೇಲಿದ್ದುಕೊಂಡು ಕಾದರೆ ಎಂದೂ ಸಿಗುವುದಿಲ್ಲ, ದೂರವಾಗುತ್ತಲೇ ಹೋಗುತ್ತದೆ. ಆಟೋಪೈಲಟ್ ತನಗೆ ಹೇಳಿದಂತೆ 9,000 ಅಡಿಯನ್ನೇ ನಿಷ್ಠೆಯಿಂದ ಕಾಪಾಡಿಕೊಂಡು ಕೋಲಾರದ ಕಡೆ ಹೋಯಿತು.

ಮೇಲಿನಿಂದ ಹಿಡಿಯಲು ಹೋಗುವುದರಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. 3 ಡಿಗ್ರಿಯ ನಿಜವಾದ ದಾರಿಯ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಆಂಟೆನಾದ ಸ್ವಭಾವದಿಂದಲೇ ಒಂದು ಸುಳ್ಳು ದಾರಿ ಹುಟ್ಟಿಕೊಳ್ಳುತ್ತದೆ. 2013ರ ಮೇ 31ರಂದು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಒಂದು 737 ವಿಮಾನ ಎತ್ತರದಿಂದ ಬಂದು ಆ ಸುಳ್ಳು ದಾರಿಯನ್ನು ಹಿಡಿಯಿತು. ಅಲ್ಲಿ ಸಂಕೇತ ತಿರುಗುಮುರುಗಾಗಿರುತ್ತದೆ. ಆಟೋಪೈಲಟ್ ಅದನ್ನು ನಂಬಿ ಮೂಗನ್ನು ಜೋರಾಗಿ ಮೇಲಕ್ಕೆತ್ತಿತು, ವೇಗ ಕುಸಿಯಿತು, ಎಚ್ಚರಿಕೆಯ ಸಾಧನ ಪೈಲಟ್‌ಗಳ ಕೈಯಲ್ಲಿದ್ದ ಕಂಬವನ್ನು ಅಲುಗಿಸಿತು. ಅವರು ಸುಧಾರಿಸಿಕೊಂಡು ಮತ್ತೆ ಮೇಲೇರಿ ಉಳಿದರು. ಮುಳ್ಳು ನಡುವಿನಲ್ಲಿ ನಿಂತಿದೆ ಎಂಬುದಷ್ಟೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ದೂರಕ್ಕೆ ಆ ಎತ್ತರ ಸರಿಯೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. 3 ಡಿಗ್ರಿಯ ದಾರಿಯಲ್ಲಿ ಒಂದು ನಾಟಿಕಲ್ ಮೈಲಿಗೆ 318 ಅಡಿ ಇಳಿಯುತ್ತೇವೆ, ಬಾಯಿಲೆಕ್ಕಕ್ಕೆ 300 ಎಂದಿಟ್ಟುಕೊಳ್ಳಿ. 10 ಮೈಲು ಇದ್ದರೆ 3,000 ಅಡಿ, 5 ಮೈಲು ಇದ್ದರೆ 1,500. ಈ ಲೆಕ್ಕವನ್ನೇ ಅವಳು ಎರಡನೆಯ ದಿನ ಕಲಿತಳು. ಕಲಿತದ್ದೇ ತಡ, ದೂರದಲ್ಲೇ ಆಟೋಪೈಲಟ್ಟಿನ ಎತ್ತರದ ಕಿಟಕಿಯಲ್ಲಿ 3,000 ಎಂದು ತಿರುಗಿಸಿದಳು.

ಕೇಳುಗರೇ, ದೇವನಹಳ್ಳಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ!

ಅವಳು ಲೆಕ್ಕ ಕಲಿತದ್ದು ಸಮುದ್ರದ ಪಕ್ಕದ ಯಾವುದೋ ನಿಲ್ದಾಣದ ಪಾಠದಿಂದ. ಅಲ್ಲಿ ಆಲ್ಟಿಮೀಟರ್ ತೋರಿಸುವ ಎತ್ತರಕ್ಕೂ ನೆಲದಿಂದಿರುವ ಎತ್ತರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮಂಗಳೂರಿನ ಬಜಪೆಯಲ್ಲಿ ಆ ವ್ಯತ್ಯಾಸ 340 ಅಡಿಯ ಹತ್ತಿರ. ಬಯಲುಸೀಮೆಯ ಪ್ರಸ್ಥಭೂಮಿಯಲ್ಲಿ ಅದು 3,000. ಹಾಗಾಗಿ ದೇವನಹಳ್ಳಿಗೆ 10 ಮೈಲು ಇರುವಾಗ ಆಲ್ಟಿಮೀಟರ್ 6,000 ತೋರಿಸಬೇಕು. "ನೋಡಮ್ಮ, ನಾವು ಕೂತಿರುವ ಊರೇ ಅರ್ಧ ಮೈಲು ಎತ್ತರದಲ್ಲಿದೆ, ಅದನ್ನು ಲೆಕ್ಕಕ್ಕೆ ಸೇರಿಸಿಕೋ" ಅಂದೆ. ಅವಳು ಪುಸ್ತಕದ ಅಂಚಿನಲ್ಲಿ ದೊಡ್ಡದಾಗಿ ಬರೆದುಕೊಂಡಳು. ಘಾಟಿ ಹತ್ತಿ ಬರುವಾಗ ಬಸ್ಸು ಏದುಸಿರು ಬಿಟ್ಟದ್ದನ್ನು ನೋಡಿಯೂ ನಾವು ಎತ್ತರದ ಮೇಲೆ ಬದುಕುತ್ತಿದ್ದೇವೆ ಎಂಬುದು ನಮಗೆ ಮರೆತೇಹೋಗಿರುತ್ತದೆ.

ಎತ್ತರದ ಊರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಳಿ ತೆಳುವಾದ್ದರಿಂದ ವೇಗದ ಮುಳ್ಳು 140 ನಾಟ್ ಎಂದರೂ ವಿಮಾನ ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲೇ ನುಗ್ಗುತ್ತಿರುತ್ತದೆ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗುತ್ತದೆ. 140ಕ್ಕೆ 700. ದೇವನಹಳ್ಳಿಯಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ವಿಮಾನ 1,200ರಲ್ಲಿ ಇಳಿಯುತ್ತಿದ್ದರೆ ಅದು ದಾರಿಯ ಮೇಲಿಲ್ಲ, ದಾರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದೆ.

ಮೂರನೆಯ ದಿನದ ದೋಷ ಹುಡುಕಲು ಒಂದಿಡೀ ಸಂಜೆ ಬೇಕಾಯಿತು. 10 ಮೈಲಿಗೆ 6,000 ಅಡಿ ಇತ್ತು. ಕಂಪನಾಂಕ ಸರಿಯಿತ್ತು, ಮೋರ್ಸ್ ಸರಿಯಿತ್ತು. ಲೋಕಲೈಜರ್ ಹಿಡಿಯಿತು, ಗ್ಲೈಡ್ ಸ್ಲೋಪ್ ಹಿಡಿಯಿತು, ಮೂಗು ಹಗುರವಾಗಿ ಬಾಗಿತು. ಐದು ಮೈಲು ಇರುವಾಗ ಆಟೋಪೈಲಟ್ ಕಳಚಿಕೊಂಡ ಸದ್ದು. ಇಲ್ಲಿ ನಾವು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, 15 ಮೈಲು ದೂರದಲ್ಲಿ ಹಾರಾಟವನ್ನು ಕಡತದಲ್ಲಿ ಉಳಿಸಿಟ್ಟುಕೊಂಡದ್ದು. ಅದೇ ಜಾಗದಿಂದ, ಅದೇ ವೇಗದಿಂದ, ಅದೇ ಗಾಳಿಯಲ್ಲಿ ಮತ್ತೆ ಮತ್ತೆ ಶುರುಮಾಡಬಹುದು. ಪ್ರತಿ ಸಲ ಒಂದನ್ನು, ಒಂದನ್ನೇ, ಬದಲಿಸಿದೆವು. ಗಾಳಿ ನಿಲ್ಲಿಸಿದೆವು, ಆಗಲೂ ಕಳಚಿಕೊಂಡಿತು. ರೆಕ್ಕೆಯ ಫ್ಲಾಪ್ ಬೇಗ ಬಿಚ್ಚಿದೆವು, ಆಗಲೂ ಅಷ್ಟೆ. ಆರನೆಯ ಸಲ ಜಾಯ್‌ಸ್ಟಿಕ್ಕಿನ ತಂತಿ ಕಿತ್ತೆವು. ವಿಮಾನ ರನ್‌ವೇವರೆಗೂ ಹೋಯಿತು.

ಜಾಯ್‌ಸ್ಟಿಕ್ಕಿನ ಒಳಗೆ ಪೊಟೆನ್ಶಿಯೋಮೀಟರ್ ಎಂಬ ಸಣ್ಣ ಭಾಗ ಇರುತ್ತದೆ, ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಒಳಗಿರುವುದೇ ಅದು. ಗುಂಡಿ ಸವೆದರೆ ರೇಡಿಯೋ ಗರಗರ ಎನ್ನುತ್ತದಲ್ಲ, ಜಾಯ್‌ಸ್ಟಿಕ್ಕೂ ಹಾಗೆಯೇ ಗರಗರ ಎನ್ನುತ್ತದೆ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಕೈ ಮುಟ್ಟದಿದ್ದರೂ ಪೈಲಟ್ ಕಂಬ ಎಳೆದನೆಂದು ಸಿಮ್ಯುಲೇಟರ್ ತಿಳಿಯುತ್ತದೆ. ನಿಜವಾದ ವಿಮಾನದಂತೆಯೇ ಅದೂ ಮನುಷ್ಯನಿಗೆ ಗೌರವ ಕೊಟ್ಟು ಆಟೋಪೈಲಟ್ಟನ್ನು ಬಿಡಿಸಿಬಿಡುತ್ತದೆ. ಸೆಟ್ಟಿಂಗಿನಲ್ಲಿ ನಡುಭಾಗಕ್ಕೆ ಸ್ವಲ್ಪ ಸ್ಪಂದಿಸದ ಜಾಗ ಬಿಟ್ಟರೆ ಸರಿಹೋಗುತ್ತದೆ. ನಾವು ಬಿಟ್ಟೆವು, ಸರಿಹೋಯಿತು.

ವಿಮಾನ ತೊಟ್ಟಿಲಿನಂತೆ ತೂಗಾಡುತ್ತಾ ಬರುತ್ತದೆ ಎಂಬುದು ಇನ್ನೊಂದು ಸಾಮಾನ್ಯ ದೂರು. ಮೂಗು ಮೇಲೆ, ಮೂಗು ಕೆಳಗೆ, ಪ್ರತಿ ಸಲ ಇನ್ನಷ್ಟು. ಹೊಸದಾಗಿ ಸೈಕಲ್ ಕಲಿಯುವ ಮಗುವಿನ ಹ್ಯಾಂಡಲ್ ನೆನೆಸಿಕೊಳ್ಳಿ. ಎಡಕ್ಕೆ ವಾಲಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ, ಗಾಬರಿಯಲ್ಲಿ ಬಲಕ್ಕೆ ಜೋರಾಗಿ ತಿರುಗಿಸುತ್ತದೆ, ಅದೂ ಹೆಚ್ಚಾಗುತ್ತದೆ. ಆಟೋಪೈಲಟ್ ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಬೇಗ ತಪ್ಪುತ್ತಿದೆ ಎಂಬ ಮೂರನ್ನು ತೂಗಿ ತಿದ್ದುತ್ತದೆ. ಆದರೆ ಕಂಪ್ಯೂಟರ್ ದುರ್ಬಲವಾಗಿ ಚಿತ್ರಗಳು ನಿಧಾನವಾಗಿ ಬದಲಾಗತೊಡಗಿದರೆ ಅದಕ್ಕೆ ಸುದ್ದಿ ತಡವಾಗಿ ತಲುಪುತ್ತದೆ, ತಿದ್ದಿದ್ದೂ ತಡವಾಗುತ್ತದೆ. ಕಾಲವನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿದರೂ ಹೀಗೆಯೇ. ಆದ್ದರಿಂದ ತೂಗಾಟ ಕಂಡರೆ ಮೊದಲು ಮೋಡಗಳ, ಮರಗಳ, ನೆರಳುಗಳ ಅಂದವನ್ನು ಕಡಿಮೆ ಮಾಡಿ ನೋಡಿ. ಕಾಲವನ್ನು ಅದರ ನಡಿಗೆಗೆ ಬಿಡಿ.

ಪೂರ್ತಿ ನೆಲ ಮುಟ್ಟಿಸುವ ಆಟೋಲ್ಯಾಂಡಿನ ವಿಷಯಕ್ಕೆ ಬಂದರೆ, ಮೊದಲು ತಿಳಿಯಬೇಕಾದದ್ದು ಎಲ್ಲ ವಿಮಾನಕ್ಕೂ ಅದು ಬರುವುದಿಲ್ಲ ಎಂಬುದು. ಸಾಮಾನ್ಯ ಸೆಸ್ನಾದ ಆಟೋಪೈಲಟ್ ದಾರಿಯ ಮೇಲೆ ತಂದು ಬಿಡುತ್ತದೆ, ಕೊನೆಯ ಭಾಗ ನಿಮ್ಮದು. 737ರಲ್ಲಿ ಅಪ್ರೋಚ್ ಗುಂಡಿ ಒತ್ತಿದ ಮೇಲೆ ಎರಡನೆಯ ಆಟೋಪೈಲಟ್ಟನ್ನೂ ಹಚ್ಚಬೇಕು, ಅದೂ ನೆಲದಿಂದ 800 ಅಡಿಗೆ ಬರುವ ಮುಂಚೆ. ಎರಡೂ ರೇಡಿಯೋಗಳಲ್ಲಿ ಒಂದೇ ಐಎಲ್‌ಎಸ್ ಕಂಪನಾಂಕ ಇರಬೇಕು. ಪರದೆಯ ಮೇಲಿನ ಅಕ್ಷರಗಳನ್ನು ಓದಬೇಕು: ಬಿಳಿ ಎಂದರೆ ಕಾಯುತ್ತಿದೆ, ಹಸಿರು ಎಂದರೆ ಹಿಡಿದಿದೆ. ಗುಂಡಿಯ ದೀಪ ಹತ್ತಿತು ಎಂದ ಮಾತ್ರಕ್ಕೆ ಹಿಡಿಯಿತು ಎಂದಲ್ಲ. 1,500 ಅಡಿಯಲ್ಲಿ ಫ್ಲೇರ್ ಎಂಬ ಪದ ಬಿಳಿಯಲ್ಲಿ ಮೂಡದಿದ್ದರೆ ಆ ವಿಮಾನ ತಾನಾಗಿ ಮೂಗೆತ್ತಿ ಇಳಿಯುವುದಿಲ್ಲ. ಇಳಿದ ಮೇಲೆ ಪಕ್ಕಕ್ಕೆ ಸರಿದು ಹೋಯಿತು ಎಂದು ಹೇಳುವವರಿಗೂ ಒಂದು ಮಾತು. ಸಾಮಾನ್ಯ 737ಕ್ಕೆ ನೆಲದ ಮೇಲೆ ನಡುಗೆರೆ ಹಿಡಿದು ಓಡುವ ಶಕ್ತಿಯನ್ನು ಕೊಟ್ಟಿಲ್ಲ. ಚಕ್ರ ತಾಗಿದೊಡನೆ ಆಟೋಪೈಲಟ್ ಬಿಡಿಸಿ ಕಾಲಿನಿಂದ ನಡೆಸಬೇಕಾದವರು ನೀವು.

ಹಾಂಗ್‌ಕಾಂಗಿನ ಹಳೆಯ ಕೈ ಟಕ್ ನಿಲ್ದಾಣವನ್ನು ಸಿಮ್ಯುಲೇಟರಿನವರು ಬಹಳ ಪ್ರೀತಿಸುತ್ತಾರೆ. 1998ರಲ್ಲಿ ಮುಚ್ಚಿದ ಆ ನಿಲ್ದಾಣದ 13ನೆಯ ರನ್‌ವೇಗೆ ಬರುವ ರೇಡಿಯೋ ದಾರಿ ರನ್‌ವೇಯ ಕಡೆಗೆ ಇರಲೇ ಇಲ್ಲ. ಅದು ಕೆಂಪು ಬಿಳಿ ಚೌಕ ಬಳಿದ ಗುಡ್ಡದ ಕಡೆಗೆ ಕರೆತರುತ್ತಿತ್ತು. ಅಲ್ಲಿಂದ ಪೈಲಟ್ ಕೈಯಾರೆ ಬಲಕ್ಕೆ ಸುಮಾರು 47 ಡಿಗ್ರಿ ತಿರುಗಿ ಇಳಿಸಬೇಕಿತ್ತು. ಅಲ್ಲಿ ಆಟೋಪೈಲಟ್ ಗುಡ್ಡಕ್ಕೆ ಹೊಡೆಯಿತು ಎಂದರೆ ಮುಳ್ಳಿನ ಆಚೆಯೂ ಸರಿ, ಈಚೆಯೂ ಸರಿ. ನಕ್ಷೆ ಓದದೆ ಹೋದದ್ದು ನಾವು.

ಇಷ್ಟೆಲ್ಲ ಶ್ರದ್ಧೆ ಆಟಕ್ಕೆ ಏಕೆ ಎಂದು ಕೇಳಬಹುದು. ಸಿಮ್ಯುಲೇಟರ್ ಬೆಳೆದದ್ದೇ ಸಾವಿನ ಎದುರು. ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಆರ್ಗನ್ ವಾದ್ಯ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ 1929ರಲ್ಲಿ, ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂಥ ತಿದಿಗಳನ್ನೇ ಬಳಸಿ ವಾಲುವ, ಬಾಗುವ ಒಂದು ಪುಟ್ಟ ವಿಮಾನ ಮಾಡಿದರು. ಮೊದಲು ಅದನ್ನು ಜನ ಜಾತ್ರೆಯ ಆಟಿಕೆ ಎಂದೇ ನೋಡಿದರು. 1934ರಲ್ಲಿ ಕೆಟ್ಟ ಹವೆಯಲ್ಲಿ ಅಂಚೆ ಸಾಗಿಸುತ್ತಿದ್ದ ಸೈನ್ಯದ ಪೈಲಟ್‌ಗಳು ಸಾಲಾಗಿ ಸತ್ತ ಮೇಲೆ ಅಲ್ಲಿನ ಸೈನ್ಯ ಆರು ಯಂತ್ರ ಕೊಂಡಿತು. ಮುಂದೆ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಮಂದಿ ಅದರಲ್ಲಿ ಕುಳಿತು ಕಲಿತರು. ಪ್ರಯಾಣಿಕರಿದ್ದ ವಿಮಾನವನ್ನು ಯಂತ್ರ ತಾನೇ ಮೊದಲ ಸಲ ನೆಲಕ್ಕೆ ಇಳಿಸಿದ್ದು 1965ರ ಜೂನ್ 10ರಂದು, ಪ್ಯಾರಿಸ್ಸಿನಿಂದ ಹೀಥ್ರೋಗೆ ಬಂದ ಟ್ರೈಡೆಂಟ್ ವಿಮಾನದಲ್ಲಿ.

ಅಂಥ ಯಂತ್ರವೂ ಕೇಳಿದ್ದನ್ನೇ ನಂಬುತ್ತದೆ. 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮಿನ ಸ್ಕಿಪಾಲ್‌ಗೆ ಇಳಿಯುತ್ತಿದ್ದ ಟರ್ಕಿಷ್ ಏರ್‌ಲೈನ್ಸ್‌ನ 737ರಲ್ಲಿ ನೆಲದಿಂದ ಎತ್ತರ ಅಳೆಯುವ ಎಡಗಡೆಯ ರೇಡಿಯೋ ಆಲ್ಟಿಮೀಟರ್ ಕೆಟ್ಟು, ನೆಲಕ್ಕಿಂತ 8 ಅಡಿ ಕೆಳಗಿದ್ದೇವೆ ಎಂದು ತೋರಿಸಿತು. ವಿಮಾನ ಇದ್ದದ್ದು ಸುಮಾರು 2,000 ಅಡಿಯಲ್ಲಿ. ಇಳಿದಾಯಿತೆಂದು ತಿಳಿದ ಆಟೋಥ್ರಾಟಲ್, ಅಂದರೆ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಸಾಧನ, ಎಂಜಿನ್ನುಗಳ ಶಕ್ತಿಯನ್ನು ಪೂರ್ತಿ ತಗ್ಗಿಸಿತು. ವಿಮಾನ ಗ್ಲೈಡ್ ಸ್ಲೋಪಿನ ಮೇಲಿನಿಂದ ಬರುತ್ತಿದ್ದುದರಿಂದ ಶಕ್ತಿ ತಗ್ಗಿದ್ದು ಪೈಲಟ್‌ಗಳಿಗೆ ಸಹಜವಾಗಿಯೇ ಕಂಡಿತು. ವೇಗ ಕುಸಿದದ್ದು ಗಮನಕ್ಕೆ ಬರುವ ಹೊತ್ತಿಗೆ ಎತ್ತರ ಉಳಿದಿರಲಿಲ್ಲ. 135 ಜನರಲ್ಲಿ 9 ಮಂದಿ ತೀರಿಕೊಂಡರು. ಒಂದು ಸಾಧನದ ಒಂದು ಸುಳ್ಳು ಅಂಕಿ ಅಲ್ಲಿವರೆಗೆ ಹೋಯಿತು.

ನಮ್ಮ ಮಂಗಳೂರನ್ನು ನೆನೆಯದೆ ಈ ಮಾತು ಮುಗಿಸಲಾರೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ 24ನೆಯ ರನ್‌ವೇಗೆ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ವಿಮಾನ ಇಳಿಯಿತು. ರನ್‌ವೇಯ 8,000 ಅಡಿಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ಊರಿತು. ಕೆಂಜಾರಿನ ಕಣಿವೆಯಲ್ಲಿ 158 ಜನ ಹೋದರು, 8 ಜನ ಉಳಿದರು. ಎತ್ತರ ಹೆಚ್ಚಾಗಿದ್ದಾಗ ಕೆಳಗೆ ಅಟ್ಟಿಸಿಕೊಂಡು ಹೋಗಬಾರದು, ಬಿಟ್ಟು ಮೇಲೇರಬೇಕು ಎಂಬುದನ್ನು ಕೈಗೆ, ಮೈಗೆ ಕಲಿಸುವ ಸಾಧನ ಸಿಮ್ಯುಲೇಟರ್. ನಮ್ಮ ಹುಡುಗಿಗೆ ನಾನು ಒಂದು ನಿಯಮ ಹಾಕಿದೆ. ನೆಲದಿಂದ 1,000 ಅಡಿಗೆ ಬರುವಾಗ ಮುಳ್ಳು ಎರಡೂ ನಡುವಿನಲ್ಲಿ ಇಲ್ಲದಿದ್ದರೆ, ವೇಗ ನಿಂತಿಲ್ಲದಿದ್ದರೆ, ಚಕ್ರ ಇಳಿದಿಲ್ಲದಿದ್ದರೆ, ಕಾರಣ ಹುಡುಕುತ್ತಾ ಕೂರುವಂತಿಲ್ಲ. ಮೇಲೇರಬೇಕು. ಕಾರಣ ಹುಡುಕುವುದು ಆಮೇಲೆ.

ನಾಲ್ಕನೆಯ ದಿನ ಸಂಜೆ ಅವಳ ವಿಮಾನ ದೇವನಹಳ್ಳಿಯ ದಕ್ಷಿಣದ ರನ್‌ವೇ ಮೇಲೆ ತಾನಾಗಿ ಇಳಿಯಿತು. ಐದನೆಯ ದಿನ ಅವಳು ಆಟೋಪೈಲಟ್ ಬಿಡಿಸಿ ಕೈಯಾರೆ ಇಳಿಸಿದಳು. ಆ ಎರಡನೆಯದನ್ನು ನೋಡಿದಾಗ ನನಗಾದ ಸಂತೋಷ ಹೆಚ್ಚಿನದು.

ನಿಮ್ಮ ಮನೆಯಲ್ಲೂ ಹೀಗೆ ಹಾರಿಸುವ ಮಕ್ಕಳಿದ್ದರೆ, ನೀವೇ ಹಾರಿಸುತ್ತಿದ್ದರೆ, ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ವಿಮಾನ ದಾರಿ ತಪ್ಪಿದ ಗಳಿಗೆಯಲ್ಲಿ ಪಾಜ್ ಕೀಲಿ ಒತ್ತಿ ನಿಲ್ಲಿಸಿ, ದೂರ, ಎತ್ತರ, ವೇಗ, ಕಂಪನಾಂಕ, ಪರದೆಯ ಮೇಲಿನ ಹಸಿರು ಅಕ್ಷರ, ಇಷ್ಟನ್ನು ಬರೆದುಕೊಳ್ಳಿ. ಆಮೇಲೆ ಯಾವ ಗುಂಡಿ ಬೇಕಾದರೂ ಮುಟ್ಟಿ.